ಬುಲ್‌ಡಾಗ್ ತಂದ ಮನೆಯ ಮಕ್ಕಳಿಗೆ

ನಾಯಿ ತಂದಿದ್ದೀರಿ, ಸಂತೋಷ. ಅದೂ ಬುಲ್‌ಡಾಗ್. ಗೊರಕೆ ಹೊಡೆಯುತ್ತದೆ, ಸೋಫಾ ಬಿಟ್ಟು ಏಳುವುದಿಲ್ಲ, ಮಕ್ಕಳು ಮೈಮೇಲೆ ಬಿದ್ದರೂ ಸಿಟ್ಟಾಗುವುದಿಲ್ಲ. ಈಗ ವರ್ಷ ತುಂಬುವ ಹೊತ್ತಿಗೆ ಪಾದ ನೆಕ್ಕತೊಡಗಿದೆ, ಕಿವಿ ಕೆರೆಯುತ್ತಿದೆ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ, ಮೂಗಿನ ಮೇಲಿನ ಮಡಿಕೆಯಿಂದ ವಾಸನೆ. ಇಂಜೆಕ್ಷನ್ ಕೊಡಿಸಿದಾಗಲೆಲ್ಲ ಇಳಿಯುತ್ತದೆ, ಮತ್ತೆ ಬರುತ್ತದೆ. ಒಂದೇ ಸಲಕ್ಕೆ ಮುಗಿಸುವ ಮದ್ದು ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಎಲ್ಲೂ ಸಿಗುವುದಿಲ್ಲ. ಇದು ವಾಸಿ ಮಾಡಿ ಮರೆಯುವ ಕಾಯಿಲೆಯಲ್ಲ, ದಿನದಿನವೂ ಹದದಲ್ಲಿಟ್ಟುಕೊಳ್ಳುವ ಕಾಯಿಲೆ. ಈ ಮಾತು ಒಪ್ಪಿಕೊಂಡ ಮನೆಯಲ್ಲಿ ನಾಯಿ ನೆಮ್ಮದಿಯಾಗಿರುತ್ತದೆ. ಒಪ್ಪದ ಮನೆಯಲ್ಲಿ ಡಾಕ್ಟರು ಬದಲಾಗುತ್ತಾರೆ, ನವೆ ಹಾಗೇ ಇರುತ್ತದೆ.

ತಪ್ಪು ನಿಮ್ಮ ನಾಯಿಯದಲ್ಲ, ಅದನ್ನು ಆ ರೂಪಕ್ಕೆ ತಂದವರದು. ಬ್ರಿಟನ್ನಿನಲ್ಲಿ 1835ರಲ್ಲಿ ಗೂಳಿಯ ಮೇಲೆ ನಾಯಿ ಛೂ ಬಿಡುವ ಆಟವನ್ನು ಕಾನೂನು ನಿಲ್ಲಿಸಿತು. ಕೆಲಸ ಕಳೆದುಕೊಂಡ ಈ ತಳಿಯನ್ನು ಆಮೇಲೆ ಬರೀ ಚಂದಕ್ಕೆ ಬೆಳೆಸಿದರು. ಮೂತಿ ಒಳಗೆ ಹೋಯಿತು, ಚರ್ಮ ಮಾತ್ರ ಹಳೆಯ ಅಳತೆಯಲ್ಲೇ ಉಳಿದು ಮಡಿಕೆ ಮಡಿಕೆಯಾಯಿತು. ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಇವುಗಳ ವಂಶವಾಹಿ ಪರೀಕ್ಷಿಸಿ, ಇಡೀ ತಳಿ ಮೂಲದಲ್ಲಿ 68 ನಾಯಿಗಳಿಂದ ಬಂದದ್ದೆಂದು ಬರೆದರು. ಅಷ್ಟು ಚಿಕ್ಕ ಬೇರಿನಿಂದ ಬಂದ ರಕ್ತದಲ್ಲಿ ಹೊಸದಾಗಿ ತಿದ್ದಿಕೊಳ್ಳಲು ಜಾಗ ಕಡಿಮೆ. 2022ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಲೆಕ್ಕ ಹಾಕಿದಾಗ, ಮಡಿಕೆಯ ಚರ್ಮ ಹುಣ್ಣಾಗುವ ಸಂಭವ ಬೇರೆ ನಾಯಿಗಳಿಗಿಂತ ಬುಲ್‌ಡಾಗ್‌ಗೆ 38 ಪಟ್ಟು ಹೆಚ್ಚು ಎಂದು ಕಂಡಿತು. ನಮ್ಮದೇ ಮುಧೋಳದ ಬೇಟೆನಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಉದ್ದ ಮೂತಿ, ಮೈಗಂಟಿದ ಚರ್ಮ, ಗಾಳಿಯಾಡದ ಮೂಲೆಯೇ ಇಲ್ಲ.

ಈಗ ಕೆಲಸದ ಮಾತು. ಮಡಿಕೆಯೊಳಗೆ ಬೆವರಿನಂಥ ತೇವ, ಕಣ್ಣೀರು, ಜೊಲ್ಲು, ಅನ್ನದ ಅಗುಳು ಸೇರಿ ಬೆಚ್ಚಗೆ ಕೂತಿರುತ್ತವೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ, ಮಲಸೀಜಿಯಾ ಎಂಬ ಯೀಸ್ಟ್ ಎರಡೂ ಆರೋಗ್ಯವಂತ ನಾಯಿಯ ಮೈಮೇಲೂ ಇರುತ್ತವೆ. ತೇವ ಸಿಕ್ಕರೆ ಮಿತಿಮೀರಿ ಬೆಳೆಯುತ್ತವೆ, ಅಷ್ಟೇ. ಹಾಗಾಗಿ ಮೂಗಿನ ಮೇಲಿನ ಮಡಿಕೆ, ತುಟಿಯ ಪಕ್ಕ, ಕತ್ತು, ಹೆಣ್ಣಾದರೆ ಜನನಾಂಗದ ಸುತ್ತ, ಕಾಲ್ಬೆರಳ ಸಂದು ಇವನ್ನು ದಿನಕ್ಕೊಮ್ಮೆ ಒರೆಸಬೇಕು. ಎಲ್ಲರೂ ಮರೆಯುವ ಜಾಗ ಒಂದಿದೆ, ಬಾಲದ ಬುಡ. ತಿರುಚಿದ ಬಾಲದ ಕೆಳಗೆ ಬೆರಳು ಹೋಗುವಷ್ಟು ಗುಳಿ ಇರುತ್ತದೆ. ನಾಯಿ ಕುಂಡೆ ನೆಲಕ್ಕೆ ಉಜ್ಜಿದರೆ ಜಂತುಹುಳ ಎಂದು ಮಾತ್ರೆ ನುಂಗಿಸುವ ಮೊದಲು ಆ ಗುಳಿಯಲ್ಲಿ ಏನಿದೆ ನೋಡಿ.

ಒರೆಸಲು ದುಬಾರಿ ಸಾಮಾನು ಬೇಡ. ತಾತನ ಹಳೆಯ ಪಂಚೆ ಹರಿದ ಮೆತ್ತಗಿನ ತುಂಡು ಸಾಕು. ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದಿ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ತೇವ ತೆಗೆಯಿರಿ. ಈ ಎರಡನೆಯದೇ ಮುಖ್ಯ. ಒದ್ದೆ ಬಿಟ್ಟರೆ ಒರೆಸದೆ ಇದ್ದದ್ದೇ ವಾಸಿ. ಕಣ್ಣಿಗೆ ಆ ದ್ರಾವಣ ತಾಗಬಾರದು, ಕಾರ್ನಿಯಾಕ್ಕೆ ಪೆಟ್ಟಾಗುತ್ತದೆ. ಮಕ್ಕಳ ಪೌಡರ್ ತುಂಬಬೇಡಿ, ತೇವದ ಜೊತೆ ಸೇರಿ ಗಟ್ಟಿಯಾಗಿ ಇನ್ನಷ್ಟು ಕೊರೆಯುತ್ತದೆ. ಸತು ಇರುವ ಡಯಾಪರ್ ಕ್ರೀಮ್ ಬೇಡವೇ ಬೇಡ, ನೆಕ್ಕಿದರೆ ವಿಷ. ಕಿವಿಗೆ ಬಡ್ ಹಾಕಬೇಡಿ, ಕೊಳೆ ಒಳಕ್ಕೆ ಹೋಗುತ್ತದೆ.

ಸ್ನಾನದಲ್ಲಿ ಎಲ್ಲರೂ ಎಡವುವುದು ಸಮಯದಲ್ಲಿ. ನಮ್ಮ ಶಾಂಪೂ ನಾಯಿಗೆ ಒಗ್ಗುವುದಿಲ್ಲ. ನಮ್ಮ ಚರ್ಮ ಆಮ್ಲದ ಕಡೆಗಿದೆ, ನಾಯಿಯದು ನೀರಿನ ಹದಕ್ಕೆ ಹತ್ತಿರ. ಶೇ. 2ರಿಂದ 4ರಷ್ಟು ಕ್ಲೋರ್‌ಹೆಕ್ಸಿಡಿನ್ ಇರುವ, ಯೀಸ್ಟ್ ಇದ್ದರೆ ಮೈಕೊನಜೋಲ್ ಕೂಡ ಸೇರಿದ ಶಾಂಪೂವನ್ನು ವೈದ್ಯರು ಬರೆದುಕೊಡುತ್ತಾರೆ. ನೀವು ಹಚ್ಚಿ ಎರಡೇ ನಿಮಿಷಕ್ಕೆ ಬಕೆಟ್ ಸುರಿದು, ದುಡ್ಡು ದಂಡ ಎನ್ನುತ್ತೀರಿ. ನೊರೆ ಮೈಮೇಲೆ ಹತ್ತು ನಿಮಿಷ ನಿಲ್ಲಬೇಕು. ಗಡಿಯಾರ ನೋಡಿ ನಿಲ್ಲಿಸಿ, ನೆಕ್ಕದಂತೆ ಮಾತಾಡಿಸುತ್ತಿರಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೊನೆಯ ಎರಡು ಚೊಂಬು ನಲ್ಲಿಯ ಕಾವೇರಿ ನೀರು ಹಾಕಿ. ಬಿಸಿನೀರು ಬೇಡ, ನವೆ ಕೆರಳುತ್ತದೆ. ಬಿಸಿ ಡ್ರೈಯರ್ ಕೂಡ ಬೇಡ. ಟವೆಲು, ಫ್ಯಾನು ಸಾಕು.

ಇಷ್ಟು ಮಾಡಿದರೂ ನವೆ ನಿಲ್ಲದಿದ್ದರೆ ಒಳಗೊಂದು ಕಾರಣ ಕೂತಿದೆ. ಕೇರಿಯಲ್ಲಿ ಎಲ್ಲವನ್ನೂ ಕಜ್ಜಿ ಎಂದುಬಿಡುತ್ತಾರೆ. ಕಾರಣಗಳು ಬೇರೆ ಬೇರೆ. ಸೊಂಟದ ಮೇಲೆ, ಬಾಲದ ಬುಡದ ಹತ್ತಿರ ಕಡಿದುಕೊಂಡರೆ ಚಿಗಟದ ಜೊಲ್ಲಿಗೆ ಅಲರ್ಜಿ ಇರಬಹುದು. ಒಂದು ಚಿಗಟವೂ ಕಣ್ಣಿಗೆ ಬೀಳದಿದ್ದರೂ ಇರಬಹುದು. ಬೀದಿನಾಯಿಗಳು ಗೇಟಿನ ಬಳಿ ಮಲಗುವ ನಮ್ಮ ಓಣಿಗಳಲ್ಲಿ ಇದನ್ನು ಮೊದಲು ತಳ್ಳಿಹಾಕಬೇಕು. ಪಾದ, ಮುಖ, ಕಂಕುಳು, ಕಿವಿ ಕೆರೆದುಕೊಳ್ಳುತ್ತಾ, ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾದದ್ದಾದರೆ ದೂಳಿನ ನುಸಿ, ಪರಾಗದಂಥವುಗಳ ಅಲರ್ಜಿ ಎಂದು ವೈದ್ಯರು ಅನುಮಾನಿಸುತ್ತಾರೆ. ಋತುಭೇದವಿಲ್ಲದೆ ವರ್ಷಪೂರ್ತಿ ಕೆರೆದರೆ ಊಟವನ್ನೂ ಅನುಮಾನಿಸಬೇಕು.

ಊಟದ ಪರೀಕ್ಷೆಯೇ ನಮ್ಮ ಮನೆಗಳಲ್ಲಿ ಕಷ್ಟ. ರಕ್ತ ಪರೀಕ್ಷೆಯಿಂದ ಊಟದ ಅಲರ್ಜಿ ನಂಬುವ ಹಾಗೆ ತಿಳಿಯುವುದಿಲ್ಲ. ನಾಯಿ ಇದುವರೆಗೆ ತಿನ್ನದ ಒಂದೇ ಮಾಂಸ, ಇಲ್ಲವೇ ವೈದ್ಯರು ಕೊಡುವ ಪ್ರೋಟೀನ್ ಒಡೆದ ಆಹಾರ, ಕನಿಷ್ಠ ಎಂಟು ವಾರ. ಬೇರೆ ಒಂದು ತುತ್ತೂ ಇಲ್ಲ. ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ನೀವು ದಿನಾ ಹಾಕುವುದು ಕೋಳಿಯ ಕಾಲು ಬೇಯಿಸಿದ ಅನ್ನ. ಬೆಳಿಗ್ಗೆ ಅಜ್ಜಿ ಕೊಡುವುದು ಮೊಸರನ್ನ. ಕಾಫಿ ಹೊತ್ತಿಗೆ ಅಪ್ಪನ ಕೈಯಿಂದ ಬಿಸ್ಕತ್ತು. ಪಕ್ಕದ ಮನೆಯವರು ಪಾಪ ಎಂದು ಹಾಕುವ ಚಪಾತಿ. ಎಂಟು ವಾರ ಇವರೆಲ್ಲರ ಕೈ ಕಟ್ಟಬೇಕು. ಮಾಂಸದ ವಾಸನೆ ಹಾಕಿದ ಜಂತುಮಾತ್ರೆ ಕೂಡ ಲೆಕ್ಕಕ್ಕೆ ಬರುತ್ತದೆ, ವೈದ್ಯರಿಗೆ ಹೇಳಿ ಬೇರೆ ಬರೆಸಿಕೊಳ್ಳಿ. ಸಸ್ಯಾಹಾರಿ ಮನೆಯಾದರೆ ಜಗಳ ಬರುತ್ತದೆ. ಜಗಳವನ್ನು ಪರೀಕ್ಷೆಗೆ ಮುಂಚೆಯೇ ಮುಗಿಸಿಕೊಳ್ಳಿ, ನಡುವೆ ಬೇಡ. ನವೆ ಕಡಿಮೆಯಾದರೆ ಹಳೆಯ ಊಟ ಮತ್ತೆ ಹಾಕಿ ನೋಡಬೇಕು. ಮತ್ತೆ ಕೆರೆದರೆ ಮಾತ್ರ ಊಟವೇ ಕಾರಣ ಎಂದು ಖಚಿತ. ಈ ಕೊನೆಯ ಹೆಜ್ಜೆಗೆ ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಅದಿಲ್ಲದೆ ನೀವು ಮುಂದಿನ ಹತ್ತು ವರ್ಷ ಸುಮ್ಮನೆ ಕೋಳಿಯನ್ನು ಬೈಯುತ್ತಿರಬಹುದು.

ಔಷಧದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುವ, ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಬೆರೆತ ಟ್ಯೂಬು ಎರಡೇ ದಿನಕ್ಕೆ ಕೆಂಪು ಇಳಿಸುತ್ತದೆ. ಅದಕ್ಕೇ ಅದು ಅಪಾಯ. ಚರ್ಮ ತೆಳುವಾಗುತ್ತದೆ, ಸೋಂಕು ಒಳಗೇ ಅಡಗುತ್ತದೆ. ಸ್ಟಿರಾಯ್ಡ್ ಮಾತ್ರೆಯೂ ಹಾಗೇ. ತಿಂಗಳುಗಟ್ಟಲೆ ನುಂಗಿದ ನಾಯಿ ನೀರು ಕುಡಿಯುತ್ತಲೇ ಇರುತ್ತದೆ, ಉಚ್ಚೆ ಹೊಯ್ಯುತ್ತಲೇ ಇರುತ್ತದೆ, ಹೊಟ್ಟೆ ಜೋತುಬೀಳುತ್ತದೆ. ಹಾಗೆಂದು ಒಂದೇ ದಿನ ನಿಲ್ಲಿಸಲೂಬಾರದು, ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು. ಓಕ್ಲಾಸಿಟಿನಿಬ್ ಎಂಬ ಹೊಸ ಮಾತ್ರೆ ಇದೆ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿದ್ದು. ನವೆಯ ಸಂದೇಶವನ್ನೇ ತಡೆಯುತ್ತದೆ. ಆದರೆ ವರ್ಷ ತುಂಬದ ಮರಿಗೆ, ದೊಡ್ಡ ಸೋಂಕಿರುವ ನಾಯಿಗೆ ಅದು ಸಲ್ಲದು.

ಹಿರಿಯರು ಹೇಳಿದ್ದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಕಜ್ಜಿಗೆ ಸುಟ್ಟ ಇಂಜಿನ್ ಆಯಿಲ್ ಬಳಿಯುವುದು, ಸೀಮೆಎಣ್ಣೆ ಸವರುವುದು ನಮ್ಮ ಕಾಲದ ಕ್ರೌರ್ಯ, ಅದನ್ನು ನಮ್ಮ ಜೊತೆಗೇ ಬಿಡಿ. ಕರ್ಪೂರ ಹಾಕಿದ ಎಣ್ಣೆ ನೆಕ್ಕಿದರೆ ನಾಯಿಗೆ ವಿಷ. ದನದ ಉಣ್ಣೆಗೆ ತರುವ ಔಷಧಿಯನ್ನು ಅಂದಾಜಿನ ಮೇಲೆ ಬೆರೆಸಿ ಸುರಿಯಬೇಡಿ. ಕೊಬ್ಬರಿಎಣ್ಣೆಯನ್ನೂ ಮಡಿಕೆಗೆ ಹಚ್ಚಬೇಡಿ. ಯೀಸ್ಟಿಗೆ ಜಿಡ್ಡೇ ಊಟ.

ವೈದ್ಯರ ಬಳಿ ಹೋದಾಗ ಒಂದು ಪ್ರಶ್ನೆ ಕೇಳಿ: ಸೂಕ್ಷ್ಮದರ್ಶಕದಲ್ಲಿ ನೋಡಿದಿರಾ? ಗುಳ್ಳೆಗೆ ಟೇಪು ಅಂಟಿಸಿ ಎತ್ತಿ, ಬಣ್ಣ ಹಾಕಿ ನೋಡಿದರೆ ಕಡಲೆಕಾಯಿಯ ಆಕಾರದಲ್ಲಿ ಯೀಸ್ಟ್ ಕಾಣುತ್ತದೆ, ದುಂಡಗೆ ಗುಂಪುಗಟ್ಟಿದ ಬ್ಯಾಕ್ಟೀರಿಯಾ ಬೇರೆಯಾಗಿ ಕಾಣುತ್ತದೆ. ಸಾಧಾರಣವಾಗಿ ಸ್ವಲ್ಪ ಹೊತ್ತಿನ ಕೆಲಸ. ಚರ್ಮ ಕೆರೆದು ನೋಡಿದರೆ ಡೆಮೊಡೆಕ್ಸ್ ಹುಳ ಇದ್ದರೆ ಸಿಗುತ್ತದೆ. ಇದು ಯಾವುದೂ ಇಲ್ಲದೆ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಬದಲಾಯಿಸುತ್ತಾ ಹೋದರೆ, ಕೊನೆಗೆ ಯಾವ ಔಷಧಕ್ಕೂ ಬಗ್ಗದ ಸ್ಟ್ಯಾಫಿಲೊಕಾಕಸ್ ನಿಮ್ಮ ನಾಯಿಯ ಮೈಮೇಲೆ ಬೆಳೆಯುತ್ತದೆ. ಎರಡನೇ ಸಲವೂ ಫಲವಿಲ್ಲದಿದ್ದರೆ ಕಲ್ಚರ್ ಪರೀಕ್ಷೆ ಮಾಡಿಸಿ. ಕೊಟ್ಟಷ್ಟು ದಿನವೂ ನುಂಗಿಸಿ, ಕೆಂಪು ಇಳಿಯಿತು ಎಂದು ಅರ್ಧಕ್ಕೆ ಬಿಡಬೇಡಿ. ಹತ್ತಿರದ ವೈದ್ಯರಿಗೆ ತಿಳಿಯದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, 1958ರಿಂದ. ಬೆಳಗಿನ ತಂಪಿನಲ್ಲೇ ಹೊರಡಿ, ಟ್ರಾಫಿಕ್ಕಿನ ಬಿಸಿಲಲ್ಲಿ ಈ ನಾಯಿಗೆ ಉಸಿರು ಕಟ್ಟುತ್ತದೆ.

ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಯಾವ ದಿನ ಎಲ್ಲಿ ಕೆರೆಯಿತು, ಏನು ತಿಂತು, ಮಳೆ ಬಂದಿತ್ತೇ, ಯಾವ ಔಷಧ ಕೊಟ್ಟಿರಿ. ಮೊಬೈಲಿನಲ್ಲಿ ತಿಂಗಳಿಗೊಮ್ಮೆ ಅದೇ ಜಾಗದ ಫೋಟೊ. ಅರ್ಧ ರೋಗನಿರ್ಣಯ ಅಲ್ಲೇ ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಿನ ಗಾಳಿಯಲ್ಲೇ ತೇವ, ಆಗ ಒರೆಸುವುದು ಎರಡು ಹೊತ್ತಾಗಲಿ. ನಡೆಸಿಕೊಂಡು ಬಂದ ಮೇಲೆ ಪಾದ ತೊಳೆದು ಬೆರಳ ಸಂದು ಒಣಗಿಸಿ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದೊಳಗೆ ಬಿಡಬೇಡಿ. ಮನುಷ್ಯರ ಚರ್ಮಕ್ಕೇ ಅದು ಆಗದು. ಅದನ್ನು ತಿನ್ನಲೆಂದು 1984ರಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲೇ ಬಿಟ್ಟರು, ಗಿಡ ಇನ್ನೂ ಇದೆ. ಮನೆ ನೆಲಕ್ಕೆ ಫಿನಾಯಿಲ್ ಕಡಿಮೆ ಮಾಡಿ. ಹೊಟ್ಟೆ ನೆಲಕ್ಕೆ ತಾಗುವ ನಾಯಿ, ಪಾದ ನೆಕ್ಕುವ ನಾಯಿ. ಹಾಸಿಗೆಯ ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ತೂಕ ಇಳಿಸಿ, ಕೊಬ್ಬು ಹೆಚ್ಚಿದಷ್ಟೂ ಮಡಿಕೆ ಆಳ. ಇಷ್ಟಕ್ಕೂ ಬಗ್ಗದ ಮಡಿಕೆ, ಬಾಲದ ಗುಳಿ ಇದ್ದರೆ ಶಸ್ತ್ರಚಿಕಿತ್ಸೆ ಇದೆ. ಅದನ್ನು ಚಂದ ಕೆಡುತ್ತದೆ ಎಂದು ಬೇಡವೆನ್ನಬೇಡಿ.

ನೆರೆಯವರು ಅಂಟುರೋಗ ಎಂದು ಮಕ್ಕಳನ್ನು ದೂರ ಎಳೆಯುತ್ತಾರೆ. ಅಲರ್ಜಿ ಅಂಟುವುದಿಲ್ಲ. ಹುಳುಕಡ್ಡಿ, ಸಾರ್ಕಾಪ್ಟಿಸ್ ಕಜ್ಜಿ ಅಂಟುತ್ತವೆ. ಯಾವುದೆಂದು ವೈದ್ಯರಿಂದ ತಿಳಿದು ಸಮಾಧಾನವಾಗಿ ಹೇಳಿ. ಕಚ್ಚೀತು ಎಂಬ ಅವರ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರ ಎಂದು ಪಟ್ಟಿ ಮಾಡಿದಾಗ ಅಮೆರಿಕನ್ ಬುಲ್‌ಡಾಗ್ ಹೆಸರೂ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. ಹೆಸರು ಕೇಳಿ ಜನ ಹಲ್ಲನ್ನು ನೆನೆಯುತ್ತಾರೆ. ನಿಮ್ಮ ಮನೆಯದು ಕಚ್ಚುವುದಕ್ಕಿಂತ ಹೆಚ್ಚಾಗಿ ಕೆರೆದುಕೊಳ್ಳುವ ನಾಯಿ.

ಮುಂದೆ ಗೆಳೆಯರು ನೋಡಿ ನಮಗೂ ಇಂಥದ್ದೇ ಬೇಕು ಎಂದರೆ ಫೋಟೊ ತೋರಿಸುವ ಬದಲು ನೋಟ್‌ಬುಕ್ ತೋರಿಸಿ. 2022ರ ‘777 ಚಾರ್ಲಿ’ ಸಿನಿಮಾ ನೋಡಿ ಅತ್ತವರಲ್ಲಿ ಎಷ್ಟೋ ಜನ ಮರಿ ಕೊಳ್ಳಲು ಹೋದರೇ ಹೊರತು, ಅದು ಮರಿ ಮಾರುವವರ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಕೊಳ್ಳುವ ಮುಂಚೆ ತಾಯಿನಾಯಿಯ ಚರ್ಮ ನೋಡಿ, ಉಸಿರು ಕೇಳಿ. ತೋರಿಸಲು ಒಪ್ಪದವರ ಬಳಿ ಕೊಳ್ಳಬೇಡಿ ಎನ್ನಿ.

ನಿಮ್ಮದು ಈಗಾಗಲೇ ಮನೆಯಲ್ಲಿದೆ, ಹಾಗಾಗಿ ಲೆಕ್ಕ ಬೇರೆ. ಶಾಂಪೂ, ಔಷಧ, ತಪಾಸಣೆಗೆ ತಿಂಗಳಿಗಿಷ್ಟು ಎಂದು ಸಂಬಳದ ದಿನವೇ ತೆಗೆದಿಡಿ. ಕೆಲಸವನ್ನೂ ಹಂಚಿಕೊಳ್ಳಿ. ಎಲ್ಲರೂ ಮಾಡುತ್ತಾರೆ ಎಂದರೆ ಯಾರೂ ಮಾಡುವುದಿಲ್ಲ, ಕೊನೆಗೆ ಅಮ್ಮನ ತಲೆಗೇ ಬರುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಎದುರು ಒಂದು ಹೆಸರು ಬರೆಯಿರಿ. ಇವತ್ತು ಮಡಿಕೆ ಒರೆಸುವ ಸರದಿ ಯಾರದೆಂದು ರಾತ್ರಿ ಊಟಕ್ಕೆ ಕೂರುವ ಮೊದಲೇ ತೀರ್ಮಾನವಾಗಲಿ.