ಬಾಡಿಗೆ ಮನೆಗಳ ಆದಾಯದಿಂದ ನೌಕರಿಯ ಬಿಡುಗಡೆ: ಒಂದು ಲೆಕ್ಕಾಚಾರ

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಮುಂತಾದುವನ್ನು ಕುರಿತು ನಮ್ಮ ವೈದ್ಯ ಮಿತ್ರರು ಈ ಸ್ಮರಣ ಸಂಚಿಕೆಯಲ್ಲಿ ವರ್ಷವರ್ಷವೂ ಬರೆಯುತ್ತ ಬಂದಿದ್ದಾರೆ. ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನ ಸಾಲದ ಕಡತಗಳ ಮುಂದೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕುಳಿತಿರುವ ನನ್ನಂಥವನಿಗೆ ತಿಳಿದಿರುವುದು ಸಂಸಾರದ ಜಮಾ-ಖರ್ಚಿನ ಆರೋಗ್ಯವೊಂದೇ. ಸಂಪಾದಕರು ಅದನ್ನೇ ಬರೆಯಿರೆಂದು ಒತ್ತಾಯಿಸಿದುದರಿಂದ, ಚೆನ್ನೈನ ನಮ್ಮ ಬಾಂಧವರಲ್ಲಿ ಈಚೆಗೆ ಬಹಳವಾಗಿ ಕೇಳಿಬರುವ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. "ಸ್ವಾಮಿ, ನೀವು ಬ್ಯಾಂಕಿನವರು, ನೀವೇ ಹೇಳಿ. ಸಾಲ ಮಾಡಿ ಮೂರು-ನಾಲ್ಕು ಫ್ಲಾಟುಗಳನ್ನು ಕೊಂಡು ಬಾಡಿಗೆಗೆ ಕೊಟ್ಟರೆ, ಐವತ್ತನೆಯ ವಯಸ್ಸಿಗೆ ಈ ನೌಕರಿಗೆ ಕೈಮುಗಿದು ಹೊರಬರಬಹುದಲ್ಲವೆ?" ಎಂಬುದೇ ಆ ಪ್ರಶ್ನೆ.

ಹೀಗೆ ಕೇಳುವವರು ಸೋಮಾರಿಗಳಲ್ಲ. ವರ್ಗಾವಣೆಯ ಭಯ, ರಾತ್ರಿ ಎಂಟಾದರೂ ಮುಗಿಯದ ಕಚೇರಿ, ಊರಿನಲ್ಲಿ ಒಬ್ಬಂಟಿಯಾಗಿರುವ ವೃದ್ಧ ತಾಯಿತಂದೆ, ಇವೆಲ್ಲವೂ ಅವರ ಪ್ರಶ್ನೆಯ ಹಿಂದಿವೆ. ಆದುದರಿಂದ ಅದನ್ನು ನಗೆಯಾಡಿ ತಳ್ಳಿಹಾಕುವುದು ಸಲ್ಲದು. ಆದರೆ ಮನಸ್ಸಿನ ಬೇಸರಕ್ಕೂ ಅಂಕಿಗಳಿಗೂ ಸಂಬಂಧವಿಲ್ಲವಾದುದರಿಂದ, ಮೊದಲು ಅಂಕಿಗಳನ್ನು ನೋಡೋಣ.

ಉದಾಹರಣೆಗೆ 80 ಲಕ್ಷ ರೂಪಾಯಿ ಬೆಲೆಯ ಎರಡು ಮಲಗುವ ಕೋಣೆಗಳ ಫ್ಲಾಟೊಂದನ್ನು ತೆಗೆದುಕೊಳ್ಳೋಣ. ಅದಕ್ಕೆ ತಿಂಗಳಿಗೆ 20,000 ರೂ. ಬಾಡಿಗೆ ಬರುವುದೆಂದು ಭಾವಿಸೋಣ. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಿಂದ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 7, ನೋಂದಣಿ ಶುಲ್ಕ ನೂರಕ್ಕೆ 2, ಹೀಗೆ ಒಟ್ಟು 9. ಪೂರ್ತಿ ಬೆಲೆಯ ಮೇಲೆ ಕಟ್ಟುವುದಾದರೆ ಇದೇ 7 ಲಕ್ಷದ 20 ಸಾವಿರವಾಗುತ್ತದೆ. ಅಲ್ಲಿಗೆ ಮನೆಯ ನಿಜವಾದ ಬೆಲೆ 87 ಲಕ್ಷದ 20 ಸಾವಿರ. ವರ್ಷದ ಬಾಡಿಗೆ 2 ಲಕ್ಷದ 40 ಸಾವಿರ. ಇದರಲ್ಲಿ ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ 20 ಸಾವಿರ, ನಗರಸಭೆಯ ಆಸ್ತಿ ತೆರಿಗೆಗೆ 8 ಸಾವಿರ, ಸುಣ್ಣಬಣ್ಣ, ನಲ್ಲಿ, ಮೋಟಾರುಗಳ ದುರಸ್ತಿಗೆ ಸರಾಸರಿ 25 ಸಾವಿರ, ಫ್ಲಾಟಿನ ಸಂಘ ಆಗಾಗ ಕೇಳುವ ವಿಶೇಷ ವಂತಿಗೆಗೆ 7 ಸಾವಿರ, ಒಟ್ಟು 60 ಸಾವಿರವನ್ನು ಕಳೆಯಬೇಕು. ಉಳಿಯುವುದು 1 ಲಕ್ಷದ 80 ಸಾವಿರ, ಎಂದರೆ ತಿಂಗಳಿಗೆ 15,000. ಹಾಕಿದ ಬಂಡವಾಳಕ್ಕೆ ಇದು ನೂರಕ್ಕೆ ಎರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ತಿಂಗಳಿಗೆ 90,000 ರೂ. ಸಂಬಳವನ್ನು ಬಿಟ್ಟುಬರುವವನಿಗೆ ಇಂಥ ಮನೆಗಳು ಆರು ಬೇಕು, ಅದೂ ಸಾಲವಿಲ್ಲದೆ. ಅಷ್ಟು ಹಣ, ಸುಮಾರು 5 ಕೋಟಿ 23 ಲಕ್ಷ, ಕೈಯಲ್ಲಿರುವವನು ನನ್ನ ಲೇಖನವನ್ನು ಓದಬೇಕಾಗಿಲ್ಲ.

ಸಾಲದಿಂದ ಕೊಂಡರೆ ಹೇಗೆ? ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ನೂರಕ್ಕೆ 80ನ್ನು ಮೀರುವಂತಿಲ್ಲ. ಮುದ್ರಾಂಕ, ನೋಂದಣಿಗಳ ಖರ್ಚನ್ನು ಆ ಬೆಲೆಯಲ್ಲಿ ಸೇರಿಸುವಂತೆಯೂ ಇಲ್ಲ. ನಮ್ಮ ಉದಾಹರಣೆಯಲ್ಲಿ 60 ಲಕ್ಷ ಸಾಲ ಪಡೆದರೆ ಉಳಿದ 27 ಲಕ್ಷದ 20 ಸಾವಿರವನ್ನು ಸ್ವಂತ ಉಳಿತಾಯದಿಂದಲೇ ತರಬೇಕು. ನೂರಕ್ಕೆ ಎಂಟೂವರೆ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಲಕ್ಷವೊಂದಕ್ಕೆ ಸುಮಾರು 868 ರೂ. ಕಂತು, 60 ಲಕ್ಷಕ್ಕೆ 52,000 ರೂ. ದಾಟುತ್ತದೆ. ಬಾಡಿಗೆ ಬರುವುದು 20,000. ಉಳಿದ 32,000 ರೂ. ಎಲ್ಲಿಂದ ಬರಬೇಕು? ಯಾವ ಸಂಬಳವನ್ನು ಬಿಡಬೇಕೆಂದು ಹೊರಟಿದ್ದೇವೆಯೋ ಅದೇ ಸಂಬಳದಿಂದ. ಇಂಥ ಮೂರು ಮನೆಗಳನ್ನು ಕೊಂಡವನಿಗೆ ತಿಂಗಳಿಗೆ 96,000 ರೂ. ಕೊರತೆ, 90,000 ಸಂಬಳದವನಿಗೆ ಊಟಕ್ಕೇ ಇಲ್ಲ. ಅದೂ ಅಲ್ಲದೆ ಒಬ್ಬನೇ ವ್ಯಕ್ತಿಯ ಮೂರನೆಯ ಮನೆಯಿಂದ ಮುಂದಕ್ಕೆ ಕೊಡುವ ಸಾಲವನ್ನು ಬ್ಯಾಂಕುಗಳು ಸಾಮಾನ್ಯ ಗೃಹಸಾಲವೆಂದು ಪರಿಗಣಿಸದೆ ವಾಣಿಜ್ಯ ಸ್ಥಿರಾಸ್ತಿಯ ಸಾಲವೆಂದು ಎಣಿಸುತ್ತವೆ. ಬಡ್ಡಿ ಏರುವುದಕ್ಕೆ ಅಷ್ಟೇ ಸಾಕು. ದಲ್ಲಾಳಿಗಳಾರೂ ಈ ಮಾತನ್ನು ಬಾಯಿಬಿಟ್ಟು ಹೇಳಿದುದನ್ನು ನಾನು ಕೇಳಿಲ್ಲ.

ಆದಾಯ ತೆರಿಗೆಯಲ್ಲಿ ಲಾಭವಾಗುತ್ತದೆಂಬುದು ಇನ್ನೊಂದು ವಾದ. ಬಾಡಿಗೆಯಿಂದ ಆಸ್ತಿ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ನ್ನು ದುರಸ್ತಿ ಮುಂತಾದುವಕ್ಕೆಂದು ಬಿಟ್ಟುಕೊಡುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ಇದು ನಿಜ. ಆದರೆ ಹಾಗೆ ಕಳೆದು ಬರುವ ನಷ್ಟವನ್ನು ಸಂಬಳದ ವರಮಾನಕ್ಕೆ ಹೊಂದಿಸುವುದಕ್ಕೆ 2017ರ ಹಣಕಾಸು ಕಾನೂನಿನಿಂದ ಈಚೆಗೆ ವರ್ಷಕ್ಕೆ 2 ಲಕ್ಷದ ಮಿತಿ ಬಿದ್ದಿದೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ 2 ಲಕ್ಷವೂ ಇಲ್ಲ. ಹೆಂಡತಿಯ ಹೆಸರಿನಲ್ಲಿ ಕೊಂಡರಾಯಿತೆಂದು ಕೆಲವರು ಉಪಾಯ ಹೇಳುವುದುಂಟು. ಗಂಡನ ಹಣದಿಂದ ಹೆಂಡತಿಯ ಹೆಸರಿಗೆ ಕೊಂಡ ಮನೆಯ ಬಾಡಿಗೆಗೆ ತೆರಿಗೆ ಗಂಡನ ತಲೆಗೇ ಬರುತ್ತದೆ. ನಮ್ಮಂತೆ ಬ್ಯಾಂಕುಗಳಲ್ಲಿರುವವರು ಇನ್ನೊಂದನ್ನು ಗಮನಿಸಬೇಕು: ರಾಷ್ಟ್ರೀಕೃತ ಬ್ಯಾಂಕುಗಳ ಅಧಿಕಾರಿಗಳಿಗೆ 1976ರ ನಡತೆ ನಿಯಮಗಳು ಅನ್ವಯಿಸುವುದರಿಂದ, ಸ್ಥಿರಾಸ್ತಿಯನ್ನು ಕೊಳ್ಳುವ ಮುನ್ನವೇ ಮೇಲಧಿಕಾರಿಗಳಿಗೆ ತಿಳಿಸಬೇಕಾದುದು ಕಡ್ಡಾಯ.

ಇಲ್ಲಿ ಸ್ವಲ್ಪ ಇತಿಹಾಸ. 1960ರ ತಮಿಳುನಾಡು ಕಟ್ಟಡಗಳ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ 'ನ್ಯಾಯವಾದ ಬಾಡಿಗೆ' ಎಂಬುದೊಂದಿತ್ತು. ವಾಸದ ಮನೆಗಾದರೆ ಅದರ ಒಟ್ಟು ಬೆಲೆಯ ನೂರಕ್ಕೆ 9, ಅಂಗಡಿ ಮುಂಗಟ್ಟುಗಳಿಗಾದರೆ ನೂರಕ್ಕೆ 12 ವರ್ಷದ ಬಾಡಿಗೆ ಎಂದು ಆ ಕಾನೂನು ಗೊತ್ತುಪಡಿಸಿತ್ತು. ಬಾಡಿಗೆದಾರನ ರಕ್ಷಣೆಗೆಂದೇ ಹುಟ್ಟಿದ ಕಾನೂನು ನ್ಯಾಯವೆಂದು ಒಪ್ಪಿದ್ದು ಒಂಬತ್ತನ್ನು. ನಮ್ಮ ಉದಾಹರಣೆಯ ಫ್ಲಾಟಿನಿಂದ ಖರ್ಚು ಕಳೆಯುವ ಮುನ್ನ ದೊರೆಯುವುದು ಮೂರು! ಈ ವಿಪರ್ಯಾಸಕ್ಕೆ ಕಾರಣ ಕಷ್ಟವಿಲ್ಲದೆ ತಿಳಿಯುತ್ತದೆ. ನೆಲದ ಬೆಲೆ ಏರಿದ ವೇಗದಲ್ಲಿ ಸಂಬಳಗಳು ಏರಲಿಲ್ಲ. ಬಾಡಿಗೆಯಾದರೋ ಬಾಡಿಗೆದಾರನ ಸಂಬಳವನ್ನೇ ಹಿಂಬಾಲಿಸಬೇಕಾದುದು.

ಹಾಗಾದರೆ ಚೆನ್ನೈನಲ್ಲಿ ಬಾಡಿಗೆಯಿಂದ ಬದುಕಿದವರೇ ಇಲ್ಲವೆ ಎಂದರೆ, ಧಾರಾಳವಾಗಿ ಇದ್ದಾರೆ. ಮಾಂಬಲ, ಮೈಲಾಪುರ, ತಿರುವಲ್ಲಿಕ್ಕೇಣಿಗಳ ಹಳೆಯ ಮನೆಗಳನ್ನು ನೋಡಿ. ಕೆಳಗೆ ಯಜಮಾನರ ವಾಸ, ಮೇಲೊಂದು 'ಪೋರ್ಷನ್', ಹಿತ್ತಲ ಕಡೆ ಇನ್ನೊಂದು. ತಮಿಳರು 'ಒಂಡುಕ್ಕುಡಿತ್ತನಂ' ಎಂದು ಕರೆಯುವ, ಒಂದೇ ಅಂಗಳದಲ್ಲಿ ಹಲವು ಸಂಸಾರಗಳಿದ್ದ ಮನೆಗಳು ಬೇರೆ. ಇವರಲ್ಲಿ ಹೆಚ್ಚಿನವರು ಬಾಡಿಗೆಗೆಂದು ಬೇರೆ ನೆಲವನ್ನು ಕೊಂಡವರಲ್ಲ. ತಾವು ವಾಸಿಸುತ್ತಿದ್ದ ನೆಲದ ಮೇಲೆಯೇ ಇನ್ನೊಂದು ಮಹಡಿಯನ್ನು ಎತ್ತಿದವರು. ಗುಟ್ಟು ಇರುವುದು ಅಲ್ಲಿ.

ಅದರ ಲೆಕ್ಕವನ್ನೂ ನೋಡೋಣ. ಒಬ್ಬ ಗೃಹಸ್ಥನಿಗೆ ಅರ್ಧ ಗ್ರೌಂಡಿನಲ್ಲಿ, ಎಂದರೆ 1,200 ಚದರ ಅಡಿ ನಿವೇಶನದಲ್ಲಿ, ಸಾಲ ತೀರಿದ ಮನೆಯಿದೆಯೆನ್ನೋಣ. ಮೇಲೆ 700 ಚದರ ಅಡಿಯ ಮಹಡಿಯನ್ನು ಚದರ ಅಡಿಗೆ 2,500 ರೂ.ನಂತೆ ಕಟ್ಟಿಸಿದರೆ 17 ಲಕ್ಷದ 50 ಸಾವಿರ ಖರ್ಚು. ಬಾಡಿಗೆ ತಿಂಗಳಿಗೆ 14,000 ಬಂದರೂ ವರ್ಷಕ್ಕೆ 1 ಲಕ್ಷದ 68 ಸಾವಿರ. ಹಾಕಿದ ಹಣಕ್ಕೆ ನೂರಕ್ಕೆ ಒಂಬತ್ತೂವರೆಗೂ ಮೇಲೆ. ಕೈಯಿಂದ ಐದೂವರೆ ಲಕ್ಷ ಹಾಕಿ ಉಳಿದ 12 ಲಕ್ಷವನ್ನು ಅದೇ ಎಂಟೂವರೆ ಬಡ್ಡಿಗೆ 10 ವರ್ಷದ ಸಾಲವಾಗಿ ಪಡೆದರೆ ಕಂತು ಸುಮಾರು 14,900. ಬಾಡಿಗೆಯೇ ಹೆಚ್ಚುಕಡಿಮೆ ಸಾಲವನ್ನು ತೀರಿಸಿಕೊಂಡು ಹೋಗುತ್ತದೆ. ಹತ್ತು ವರ್ಷಗಳ ಅನಂತರ ಅದು ಪೂರ್ತಿಯಾಗಿ ನಮ್ಮದು. ಎರಡು ಲೆಕ್ಕಗಳ ನಡುವಣ ವ್ಯತ್ಯಾಸವೆಲ್ಲ ನೆಲದ ಬೆಲೆಯೊಂದೇ. ಆದರೆ ಪಾಯ ಭಾರವನ್ನು ತಡೆಯುವುದೆಂದು ಎಂಜಿನಿಯರರು ಬರೆದುಕೊಡಬೇಕು. ನಗರಸಭೆಯಿಂದ ನಕ್ಷೆಗೆ ಮಂಜೂರಾತಿ ಪಡೆಯಬೇಕು. 2014ರ ಜೂನ್ 28ರಂದು ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ ಹನ್ನೊಂದು ಅಂತಸ್ತಿನ ಕಟ್ಟಡ ಕುಸಿದು 61 ಮಂದಿ ಸತ್ತುದನ್ನು ಈ ಊರಿನವರು ಮರೆತಿರಲಾರರು.

ಫ್ಲಾಟನ್ನೇ ಕೊಳ್ಳುವವರು ಕ್ರಯಪತ್ರದಲ್ಲಿ ನೆಲದ ಅವಿಭಜಿತ ಪಾಲು ಎಷ್ಟು ಚದರ ಅಡಿಯೆಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕಟ್ಟಡ ವರ್ಷವರ್ಷಕ್ಕೆ ಸವೆಯುತ್ತದೆ, ಬೆಲೆ ಏರುವುದು ಆ ಪಾಲಿಗೆ ಮಾತ್ರ. ಬಡಾವಣೆಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. 2015ರ ಡಿಸೆಂಬರಿನಲ್ಲಿ ಮುಡಿಚೂರು, ವೇಳಚ್ಚೇರಿಗಳಲ್ಲಿ, ಮತ್ತೆ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿ, ಪಳ್ಳಿಕರಣೈಗಳಲ್ಲಿ ನೀರು ಮನೆಗಳಿಗೆ ನುಗ್ಗಿತು. ಅಂಥ ಕಡೆಗಳಲ್ಲಿ ನೆಲ ಅಂತಸ್ತಿಗೆ ಬಾಡಿಗೆದಾರರು ದೊರೆಯುವುದು ಕಷ್ಟ. ಹಳೆಯ ಮಹಾಬಲಿಪುರ ರಸ್ತೆಯ ಫ್ಲಾಟುಗಳು ಕಂಪ್ಯೂಟರ್ ಕಂಪೆನಿಗಳನ್ನೇ ನೆಚ್ಚಿಕೊಂಡಿವೆ. 2020ರಲ್ಲಿ ಆ ಹುಡುಗರೆಲ್ಲ ತಮ್ಮ ತಮ್ಮ ಊರುಗಳಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡತೊಡಗಿದಾಗ ಖಾಲಿ ಮನೆಗಳ ಫಲಕಗಳು ತೂಗಾಡಿದುವು. ಬ್ಯಾಂಕಿನ ಕಂತು ಮಾತ್ರ ಖಾಲಿ ಮನೆಯೆಂದು ನಿಲ್ಲುವುದಿಲ್ಲ.

ನಮ್ಮವರದೇ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದು ಮದರಾಸಿನ ಅಡುಗೆಮನೆಗಳಲ್ಲಿ ದುಡಿದು ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಅವರನ್ನು ಸ್ವತಂತ್ರರನ್ನಾಗಿ ಮಾಡಿದ್ದು ಬಾಡಿಗೆ ಎಣಿಸುವ ಕೆಲಸವಲ್ಲ, ಬಾಡಿಗೆ ಕೊಟ್ಟು ನಡೆಸಿದ ಉದ್ಯಮ. ಇತ್ತ ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ಪ್ರಾರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಗುತ್ತಿಗೆಯ ನೆಲದಲ್ಲಿದ್ದುದರಿಂದ, ಎಷ್ಟೇ ಜನಪ್ರಿಯವಾಗಿದ್ದರೂ 2008ರಲ್ಲಿ ಮುಚ್ಚಬೇಕಾಯಿತು. ಅಲ್ಲೀಗ 2010ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ ಇದೆ. ನೆಲ ಯಾರದೆಂಬ ಪ್ರಶ್ನೆ ಕೊನೆಗೆ ಎದುರಾಗಿಯೇ ತೀರುತ್ತದೆ. ಆದುದರಿಂದ ಮನೆ ಕೊಳ್ಳುವುದೇ ಬೇಡವೆಂದು ನನ್ನ ವಾದವಲ್ಲ. ಬ್ಯಾಂಕಿನ ಠೇವಣಿಯ ಬಡ್ಡಿ ಬಾಡಿಗೆಗಿಂತ ಹೆಚ್ಚಾದರೂ ಅಸಲು ಬೆಳೆಯುವುದಿಲ್ಲ, ಬೆಲೆಯೇರಿಕೆಗೆ ಕರಗುತ್ತದೆ. ಬಾಡಿಗೆಯೂ ನೆಲವೂ ನಿಧಾನವಾಗಿಯಾದರೂ ಏರುತ್ತವೆ. ಸಾಲ ತೀರಿದ ಒಂದು ಮನೆ ಮುಪ್ಪಿನಲ್ಲಿ ಪಿಂಚಣಿಯ ಜೊತೆಗೆ ಒಳ್ಳೆಯ ಆಸರೆಯೇ ಸರಿ. ಪಿಂಚಣಿಯ ಬದಲಿಗೆ ಅಲ್ಲ.

ಪಿಂಚಣಿಯ ಮಾತು ಬಂದುದರಿಂದ ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಲ್ಲಿರುವ ಸೋದರ ಸೋದರಿಯರಿಗೆ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಬೇಸರದ ಭರದಲ್ಲಿ ಬರೆಯುವ ಪತ್ರದಲ್ಲಿ 'ರಾಜೀನಾಮೆ' ಎಂಬ ಪದಕ್ಕೂ 'ಸ್ವಯಂ ನಿವೃತ್ತಿ' ಎಂಬ ಪದಕ್ಕೂ ಆಕಾಶ ಭೂಮಿಗಳ ಅಂತರವಿದೆ. 1995ರ ಪಿಂಚಣಿ ನಿಯಮಗಳಂತೆ ರಾಜೀನಾಮೆ ಕೊಟ್ಟವನು ಹಿಂದಿನ ಸೇವೆಯನ್ನೇ ಕಳೆದುಕೊಳ್ಳುತ್ತಾನೆ, ಪಿಂಚಣಿ ಬರುವುದಿಲ್ಲ. ಇಪ್ಪತ್ತು ವರ್ಷಗಳ ಅರ್ಹ ಸೇವೆಯನ್ನು ಮುಗಿಸಿ, ಮೂರು ತಿಂಗಳ ನೋಟೀಸು ಕೊಟ್ಟು, ಸ್ವಯಂ ನಿವೃತ್ತಿಯನ್ನು ಕೋರಿದವನಿಗೆ ಬರುತ್ತದೆ. ಹತ್ತೊಂಬತ್ತು ವರ್ಷ ದುಡಿದವನು ಆತುರಪಡದೆ ಇನ್ನೊಂದು ವರ್ಷ ತಾಳಿಕೊಂಡರೆ, ಅದರ ಬೆಲೆ ಒಂದೆರಡು ಫ್ಲಾಟುಗಳ ಬಾಡಿಗೆಗಿಂತ ಮಿಗಿಲು. 2010ರ ಏಪ್ರಿಲ್ 1ರಂದು ಅಥವಾ ಅನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟವರಾದುದರಿಂದ ಅವರ ಲೆಕ್ಕ ಬೇರೆ. ಕೆಲಸ ಬಿಟ್ಟ ಮರುದಿನದಿಂದ ಆಸ್ಪತ್ರೆಯ ಖರ್ಚಿಗೆ ಯಾರು ಹೊಣೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ನಲವತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮೇಲೆ ಹೊಸದಾಗಿ ಆರೋಗ್ಯ ವಿಮೆ ಮಾಡಿಸಹೋದರೆ ಕಂತೂ ಹೆಚ್ಚು, ಕಾಯುವ ಅವಧಿಯೂ ಹೆಚ್ಚು.

ಕೊನೆಯದಾಗಿ, ಈಗಾಗಲೇ ಮನೆಯನ್ನು ಬಾಡಿಗೆಗೆ ಕೊಟ್ಟಿರುವವರಿಗೆ. 1960ರ ಕಾನೂನಿಗೆ ಬದಲಾಗಿ 2017ರ ಹೊಸ ಕಾನೂನು 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರಂತೆ ಬಾಡಿಗೆ ಕರಾರು ಬರಹದಲ್ಲಿಯೇ ಇರಬೇಕು. ಹನ್ನೊಂದು ತಿಂಗಳದ್ದಾದರೂ ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಿಸಬೇಕು. ಬಾಡಿಗೆ ಎಷ್ಟೆಂಬುದು ಈಗ ಉಭಯತರ ಒಪ್ಪಂದಕ್ಕೆ ಬಿಟ್ಟದ್ದು. ಹತ್ತು ತಿಂಗಳ ಮುಂಗಡ ಕೇಳುವ ಮದರಾಸಿನ ಹಳೆಯ ವಾಡಿಕೆಯ ಬದಲು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಮೂರು ತಿಂಗಳ ಬಾಡಿಗೆಯಷ್ಟೇ ಠೇವಣಿಯೆಂದು ಕಾನೂನು ಹೇಳುತ್ತದೆ. ಹಾಗೆ ಪಡೆದ ಮುಂಗಡ ನಮ್ಮ ವರಮಾನವಲ್ಲ, ಹಿಂದಿರುಗಿಸಬೇಕಾದ ಸಾಲ. ಅದನ್ನು ಬೇರೆ ಖಾತೆಯಲ್ಲಿಡಿ.