ಕೇಸ್ ಶೀಟ್ ಕೇಳಿ, ಜಗಳಕ್ಕೆ ಮುಂಚೆಯೇ

ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ, ಬೇಗ ಇಳಿಯದ ಜ್ವರವೊಂದು ಒಬ್ಬರೇ ವೈದ್ಯರ ಕೈಯಲ್ಲಿ ಮುಗಿಯುವುದು ಕಡಿಮೆ. ಊರಿನ ಕ್ಲಿನಿಕ್, ಖಾಸಗಿ ಲ್ಯಾಬ್, ತಾಲ್ಲೂಕು ಆಸ್ಪತ್ರೆ, ಕೊನೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಹೋದಲ್ಲೆಲ್ಲ ಹೊಸ ವೈದ್ಯರು, ಹೊಸ ಚೀಟಿ. ಹಳೆಯ ಕಾಗದ ಜೊತೆಗೆ ಬರದಿದ್ದರೆ ರೋಗದ ಕಥೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತದೆ. ಕೇಸ್ ಶೀಟ್ ಎಂದರೆ ಕೋರ್ಟಿಗೆ ಬೇಕಾಗುವ ಸಾಕ್ಷ್ಯ ಎಂದೇ ಹೆಚ್ಚಿನವರ ಎಣಿಕೆ. ಆದರೆ ಅದರ ಮೊದಲ ಉಪಯೋಗ ಕಾಯಿಲೆಯನ್ನು ಸರಿಯಾಗಿ ಪತ್ತೆ ಹಚ್ಚುವುದು. ದಾಖಲೆ ಪಡೆಯುವ ಹಕ್ಕನ್ನು ಚಿಕಿತ್ಸೆ ನಡೆಯುತ್ತಿರುವಾಗಲೇ ಬಳಸಿಕೊಳ್ಳಬೇಕು.

ಡೆಂಗಿಯನ್ನೇ ನೋಡಿ. ಎನ್‌ಎಸ್1 ಪರೀಕ್ಷೆ ಹೆಚ್ಚು ನಂಬಲರ್ಹವಾಗಿರುವುದು ಜ್ವರದ ಮೊದಲ ಐದು ದಿನಗಳಲ್ಲಿ. ಐಜಿಎಂ ಪರೀಕ್ಷೆಗೆ ಅರ್ಥ ಬರುವುದು ಸುಮಾರಾಗಿ ಅದರ ನಂತರ. ಜ್ವರ ಶುರುವಾದ ದಿನವನ್ನು ರೋಗಿ ತಪ್ಪಾಗಿ ಹೇಳಿದರೆ ಲ್ಯಾಬಿನವರು ಎಷ್ಟೇ ಜಾಗ್ರತೆಯಿಂದ ಪರೀಕ್ಷಿಸಿದರೂ ‘ನೆಗೆಟಿವ್’ ಎಂಬ ಉತ್ತರ ದಾರಿ ತಪ್ಪಿಸಬಹುದು. ಮೊದಲೇ ನುಂಗಿದ ಕೆಲವು ಆ್ಯಂಟಿಬಯಾಟಿಕ್‌ಗಳು ಕ್ಷಯವನ್ನು ಕೆಲಕಾಲ ಮರೆಮಾಚುವುದೂ ಉಂಟು. ‘ಏನೋ ಬಿಳಿ ಮಾತ್ರೆ ಕೊಟ್ಟರು’ ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯದು. ಚೀಟಿ ಇದ್ದರೆ ತಿಳಿಯುತ್ತದೆ. ಕಾಯಿಲೆಯ ವಿವರವನ್ನು ರೋಗಿಗೆ ತಿಳಿಸದಿರುವುದನ್ನೂ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2015ರ ವರದಿ ರೋಗನಿರ್ಣಯದ ದೋಷವೆಂದೇ ಪರಿಗಣಿಸಿದೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಆತ ಅಧಿಕಾರ ಕೊಟ್ಟವರು ಕೇಳಿದರೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಒದಗಿಸಬೇಕು; ಒದಗಿಸದಿದ್ದರೆ ಅದು ವೃತ್ತಿ ದುರ್ನಡತೆ. ಆದ್ದರಿಂದ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಎರಡು ಸಾಲಿನ ಅರ್ಜಿ ಬರೆದು ದಿನಾಂಕ, ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆ ಸತಾಯಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು: ಸಾಮಾನ್ಯವಾಗಿ 30 ದಿನ, ಜೀವದ ಪ್ರಶ್ನೆಯಾದರೆ 48 ಗಂಟೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗುತ್ತದೆ.

ಕಾಗದ ಕೇಳಿದರೆ ವೈದ್ಯರಿಗೆ ಸಿಟ್ಟು ಬರುತ್ತದೆ, ಕೇಸು ಹಾಕಲು ಹೊರಟಿದ್ದಾರೆಂದು ಗುಮಾನಿ ಪಡುತ್ತಾರೆ ಎಂಬ ಆಕ್ಷೇಪವಿದೆ. ಆ ಅಳುಕು ಸುಳ್ಳಲ್ಲ. ಆದರೆ ಜಗಳವಾದ ಮೇಲೆ ಕೇಳುವ ಅಭ್ಯಾಸದಿಂದಲೇ ಅದು ಬೆಳೆದಿದೆ. ಡಿಸ್ಚಾರ್ಜ್ ದಿನ ಎಲ್ಲರೂ ಕೇಳತೊಡಗಿದರೆ ಅದು ಬಿಲ್ ಕೇಳಿದಷ್ಟೇ ಸಹಜವಾದೀತು. ವೈದ್ಯರ ಭಯಕ್ಕೂ ಕಾನೂನಿನಲ್ಲಿ ಉತ್ತರವಿದೆ. ಸಮಂಜಸ ಎಚ್ಚರದಿಂದ ನಡೆದುಕೊಂಡ ವೈದ್ಯರ ಅಂದಾಜು ತಪ್ಪಾದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ ಎಂಬುದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ತಿರುಳು. ಆ ಎಚ್ಚರಕ್ಕೆ ಸಾಕ್ಷಿಯೂ ಅದೇ ಕೇಸ್ ಶೀಟ್. ಓದು ಬಾರದವರು ಏನು ಮಾಡಬೇಕು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಕಾಗದವನ್ನು ಓದಬೇಕಾದವರು ಮುಂದಿನ ವೈದ್ಯರು. ರೋಗಿ ಅದನ್ನು ತಲುಪಿಸಿದರೆ ಸಾಕು. ಬರೆದದ್ದು ಇಂಗ್ಲಿಷಿನಲ್ಲಿದ್ದರೂ ಕಾಯಿಲೆಯ ಹೆಸರನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವುದಕ್ಕೆ ಸಂಕೋಚವೇಕೆ?

ಇಷ್ಟಾಗಿಯೂ ಹಾನಿಯಾದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳುತ್ತದೆ. ಅದು ಬಡವರಿಗೆ ನುಂಗಲಾರದ ತುತ್ತೇ. ಆದರೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಇಎಸ್‌ಐ ಕಾರ್ಮಿಕರು ಗ್ರಾಹಕರೇ, 2007ರ ಕಿಶೋರ್ ಲಾಲ್ ತೀರ್ಪಿನಿಂದ. ದೂರಿಗೆ ಎರಡು ವರ್ಷದ ಗಡುವಿದೆ. ದಾಖಲೆಯ ಮೂರು ವರ್ಷದ ಲೆಕ್ಕ ಮಾತ್ರ ಚಿಕಿತ್ಸೆ ಶುರುವಾದ ದಿನದಿಂದ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆಯಂಥ ದೀರ್ಘ ಚಿಕಿತ್ಸೆಯಲ್ಲಿ ಹಳೆಯ ರಿಪೋರ್ಟುಗಳನ್ನು ಆಸ್ಪತ್ರೆ ಕಾನೂನುಬದ್ಧವಾಗಿಯೇ ವಿಲೇವಾರಿ ಮಾಡಿರಬಹುದು. ಅಂಥವರು ಪ್ರತಿ ಸಲ ದಾಖಲಾದಾಗಲೂ ನಕಲು ಪಡೆದು, ದಿನಾಂಕದ ಕ್ರಮದಲ್ಲಿ ಫೈಲಿಗೆ ಸೇರಿಸಿ, ಮೊಬೈಲಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಬೇಕು.