ಬೀಗದ ಕೈ ಇರುವ ಮಕ್ಕಳು

ಠಾಕುರ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕೇಳಿ ಮನಸ್ಸು ತುಂಬಿ ಬಂತು ಮಗಳೇ. ಆರನೆಯ ತರಗತಿ, ಐವತ್ತರ ಹತ್ತಿರ ಮಕ್ಕಳು ಅಂದೆ. ಜೂನ್‌ನಲ್ಲಿ ಬಾಗಿಲು ತೆರೆಯುವ ಮುಂಚೆ ನನ್ನ ಒಂದೆರಡು ಮಾತು ಕಿವಿಯಲ್ಲಿರಲಿ.

ಮೊದಲು ಆ ಮಕ್ಕಳು ಯಾರೆಂದು ನೋಡು. ಅಪ್ಪ ಬೆಳಗಿನ ಮುಂಬಯಿ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿಗೆ. ಎಷ್ಟೋ ಮನೆಗಳಲ್ಲಿ ಅಮ್ಮನೂ ದುಡಿಯಲು ಹೋಗುತ್ತಾಳೆ. ಮಗುವಿನ ಶಾಲೆ ಚೀಲದ ಒಳಜೇಬಿನಲ್ಲಿ ಮನೆಯ ಬೀಗದ ಕೈ. ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ ಡ್ರಮ್ ತುಂಬಿಸಬೇಕು, ತಮ್ಮನನ್ನು ಟ್ಯೂಶನ್‌ನಿಂದ ಕರೆತರಬೇಕು, ಅನ್ನ ಬಿಸಿ ಮಾಡಿ ಬಡಿಸಬೇಕು. ಮನೆಯಲ್ಲಿ ತುಳುವೋ ಕನ್ನಡವೋ, ಮೆಟ್ಟಿಲಿಳಿದರೆ ಮರಾಠಿ, ಆಟಕ್ಕೆ ಹಿಂದಿ, ಪಾಠಕ್ಕೆ ಇಂಗ್ಲಿಷ್. ಯಾರ ಹತ್ತಿರ ಯಾವ ಭಾಷೆ ಎಂದು ದಿನವಿಡೀ ತಾನೇ ತೀರ್ಮಾನಿಸುವ ಮಗು ಶಾಲೆಗೆ ಬಂದ ಕೂಡಲೇ, ‘ಟೀಚರ್, ಮಾರ್ಜಿನ್ ಯಾವ ಪೆನ್ಸಿಲ್‌ನಲ್ಲಿ ಎಳೆಯಲಿ?’ ಎಂದು ಕೇಳಿ ನಿಲ್ಲುತ್ತದೆ. ನನಗೆ ಇದಕ್ಕಿಂತ ಸಂಕಟದ ಪ್ರಶ್ನೆ ಇನ್ನೊಂದಿಲ್ಲ. ಮನೆ ನಂಬುವಷ್ಟಾದರೂ ಶಾಲೆ ಅವರನ್ನು ನಂಬಲಿ.

ಆಯ್ಕೆಯನ್ನು ಮಕ್ಕಳಿಗೇ ಬಿಡುವುದು ಹೊರದೇಶದಿಂದ ಬಂದ ಫ್ಯಾಶನ್ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ಎಚ್.ಡಿ. ಕೋಟೆಯ ಹೆಸರು ಹೇಳು. 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೇ ಋಷಿ ವ್ಯಾಲಿ ಶಾಲೆಯಲ್ಲಿ ಕಂಡದ್ದನ್ನು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡು ‘ನಲಿ ಕಲಿ’ ಎಂಬ ಕಲಿಕೆಯ ಪದ್ಧತಿ ಕಟ್ಟಿದರು. ಪಾಠವನ್ನು ಕಾರ್ಡುಗಳಾಗಿ ಒಡೆದರು. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ಮಗುವೇ ಕಲಿಕಾ ಏಣಿ ನೋಡಿ ತಿಳಿದುಕೊಳ್ಳುವ ಹಾಗೆ ಮಾಡಿದರು. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು, ಅದನ್ನು ಅವರಿಗೇ ಬಿಟ್ಟುಕೊಟ್ಟರು. ಆ ಕೆಳಹಲಗೆ ನನಗೆ ಬಹಳ ಇಷ್ಟ. ಸೀಮೆಸುಣ್ಣ ಮಗುವಿನ ಕೈಗೆ ಹೋದದ್ದು ಅಲ್ಲಿ.

ಇನ್ನೂ ಹತ್ತಿರದ್ದು ಬೇಕಿದ್ದರೆ, ಆಗ ಠಾಣೆ ಜಿಲ್ಲೆಯಲ್ಲೇ ಇದ್ದ ಬೋರ್ಡಿ, ಕೋಸಬಾಡ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಬಾಲಶಿಕ್ಷಣದ ಕೆಲಸ ಶುರು ಮಾಡಿದರು, ಅನುತಾಯಿ ವಾಘ್ ಜೊತೆಗೂಡಿದರು. ಮುಂದೆ ಕೋಸಬಾಡದಲ್ಲಿ, ದನ ಕಾಯುವ ಆದಿವಾಸಿ ಮಕ್ಕಳಿಗೆ ಶಾಲೆಗೆ ಬರಲಾಗದೆಂದು ಹುಲ್ಲುಗಾವಲಿಗೇ ಶಾಲೆ ಒಯ್ದರು. ಮಗುವಿನ ದಿನ ಹೇಗಿದೆಯೋ ಅದಕ್ಕೆ ಪಾಠ ಬಗ್ಗಿತು.

ಇನ್ನು ನಿನ್ನ ಕ್ಲಾಸು. ಮೂವತ್ತೈದು ನಿಮಿಷದ ಪಿರಿಯಡ್, ತಲೆಯ ಮೇಲೆ ಯೂನಿಟ್ ಟೆಸ್ಟ್, ‘ಪೋರ್ಷನ್ ಮುಗಿಯಿತಾ?’ ಎಂಬ ಪ್ರಶ್ನೆ. ಎಲ್ಲವನ್ನೂ ಮಕ್ಕಳಿಗೇ ಬಿಡಲು ಹೋಗಬೇಡ, ಗದ್ದಲವಷ್ಟೇ ಉಳಿದೀತು. ಓದು, ಬರಹ, ಮಗ್ಗಿ, ಇವು ಕಡ್ಡಾಯ. ಇದರಲ್ಲಿ ನಾನು ರಾಜಿಯಾಗುವವನಲ್ಲ. ಓದಲು ಬಾರದ ಮಗುವಿನ ಮುಂದೆ ಹತ್ತು ಪುಸ್ತಕ ಹರಡಿ ‘ಆರಿಸಿಕೋ’ ಅನ್ನುವುದು ಕ್ರೌರ್ಯ. ಆದರೆ ಕಲಿತದ್ದನ್ನು ಯಾವುದರ ಮೇಲೆ ಪ್ರಯೋಗಿಸಬೇಕು, ಯಾರ ಜೊತೆ, ಯಾವ ಭಾಷೆಯಲ್ಲಿ ಟಿಪ್ಪಣಿ ಮಾಡಿಕೊಳ್ಳಬೇಕು, ಇವನ್ನು ಅವರಿಗೆ ಬಿಡು. ಬಿಟ್ಟಮೇಲೆ ಹಿಂದಕ್ಕೆ ಕಸಿದುಕೊಳ್ಳಬೇಡ.

ಕಾಲ, ವೇಗ, ದೂರದ ಲೆಕ್ಕ ಮಾಡುವಾಗ ನನ್ನ ಕ್ಲಾಸಿನ ಹುಡುಗನೊಬ್ಬ ಆರಿಸಿಕೊಂಡದ್ದು ತನ್ನಪ್ಪನ ಪ್ರಯಾಣವನ್ನು. ಠಾಕುರ್ಲಿಯಲ್ಲಿ ನಿಲ್ಲುವುದು ಸ್ಲೋ ಲೋಕಲ್. ಫಾಸ್ಟ್ ಕಣ್ಣೆದುರೇ ಹಾದು ಡೊಂಬಿವಲಿಗೆ ಹೋಗುತ್ತದೆ. ಇಲ್ಲೇ ಸ್ಲೋ ಹತ್ತುವುದು ಮೇಲೋ, ಡೊಂಬಿವಲಿಗೆ ನಡೆದು ಫಾಸ್ಟ್ ಹಿಡಿಯುವುದು ಮೇಲೋ? ಟೈಮ್‌ಟೇಬಲ್ ನೋಡಿ ಬರೆದುಕೊಂಡ, ತಾನೇ ನಡೆದು ಗಡಿಯಾರ ಹಿಡಿದ, ಫಾಸ್ಟ್ ಗೆಲ್ಲುತ್ತದೆಂದು ಹಲಗೆಯ ಮೇಲೆ ಲೆಕ್ಕ ಬಿಡಿಸಿದ. ಪ್ಲಾಟ್‌ಫಾರ್ಮಿನಲ್ಲಿ ಕಾಯುವ ಹೊತ್ತನ್ನು ಬಿಟ್ಟಿದ್ದ. ತಿದ್ದಲು ನನ್ನ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಮೊದಲ ಗಾಡಿಗೇ ನಿನ್ನಪ್ಪನಿಗೆ ಹತ್ತಲಿಕ್ಕೆ ಆಗುತ್ತದಾ?’ ಅಂದಳು. ಅವನು ಹಲಗೆಯನ್ನು ನೋಡುತ್ತ ನಿಂತ, ಕೊನೆಯ ಮೂರು ಸಾಲು ಒರೆಸಿದ, ಅಪ್ಪನನ್ನು ಕೇಳಿ ಬರುತ್ತೇನೆಂದ. ಮರುದಿನ ಹೊಸ ಲೆಕ್ಕ ತಂದ. ನಾನು ಹೇಳದೆಯೇ.

ಅಂಗಡಿಯಿಂದ ಚಿತ್ರ ತಂದು, ಅಮ್ಮ ರಾತ್ರಿ ಕುಳಿತು ಅಂಟಿಸಿದ ಪ್ರಾಜೆಕ್ಟಿನಲ್ಲಿ ಹೀಗೆ ತಾನೇ ತಿದ್ದಿಕೊಳ್ಳುವುದು ಎಲ್ಲಿ ಸಿಗಬೇಕು? ರಫ್ ನೋಟ್‌ಬುಕ್ ತರಿಸು, ಕಾಟು ಹೊಡೆದ ಸಾಲುಗಳನ್ನು ನೋಡು. ಯಾಕೆ ಇದನ್ನೇ ಆರಿಸಿದೆ ಎಂದು ಕೇಳು. ‘ಸುಲಭ ಅಂತ’ ಎಂದರೂ ಬೈಯಬೇಡ. ಮುಂದಿನ ಸಲ ಏನು ಆರಿಸುತ್ತಾನೆ ನೋಡು. ಮಾತೇ ಆಡದ ಮಕ್ಕಳ ಮೇಲೆ ಒಂದು ಕಣ್ಣಿರಲಿ. ಗುಂಪಿನಲ್ಲಿ ಆಯ್ಕೆಯೆಲ್ಲ ಗಟ್ಟಿ ದನಿಯವರ ಪಾಲಾಗುತ್ತದೆ, ಆದ್ದರಿಂದ ಮೊದಲು ಪ್ರತಿಯೊಬ್ಬರೂ ತಮ್ಮ ಆಯ್ಕೆಯನ್ನು ಚೀಟಿಯಲ್ಲಿ ಬರೆದುಕೊಡಲಿ.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ‘ಅಂಕ ಬರುತ್ತದಾ ಟೀಚರ್?’ ಎಂದು ಕೇಳಿಯೇ ಕೇಳುತ್ತಾರೆ. ಒಂದು ದಿನದ ರಜೆ ಹಾಕಿ, ಸಂಬಳ ಬಿಟ್ಟು ಬಂದವರಿರುತ್ತಾರೆ, ಅವರ ಆತಂಕ ನಿಜವಾದದ್ದು. ನೀನು ಉಪನ್ಯಾಸ ಕೊಡಬೇಡ. ಮಗುವನ್ನು ಪಕ್ಕದಲ್ಲಿ ಕೂರಿಸಿ, ಅದರ ನೋಟ್‌ಬುಕ್ಕನ್ನು ಅದರ ಕೈಗೇ ಕೊಡು. ತಾನು ಆರಿಸಿದ್ದು ಏನು, ಎಲ್ಲಿ ತಪ್ಪಿತು, ಹೇಗೆ ಸರಿಯಾಯಿತು ಎಂದು ಮನೆಯ ಭಾಷೆಯಲ್ಲೇ ಅಪ್ಪ ಅಮ್ಮನಿಗೆ ಅದೇ ಹೇಳಲಿ. ನಡುವೆ ಬಾಯಿ ಹಾಕದೆ ನೀನೂ ಕೇಳಿಸಿಕೋ.